ಕನ್ನಡಕ್ಕೆ ಸ್ವಂತ ಸೈಟು: ನಂಬರ್ 3221

(ಜಯನಗರದಲ್ಲಿ ಸೇರಿದ್ದ ಕನ್ನಡ ಯುವಕ ಯುವತಿಯರ ಮುಂದೆ ಬನಶಂಕರಿಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿದ್ದೀರಿ. ನಾನು ಓದಿದ್ದು ಪಿಯುಸಿ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಕಂಪ್ಯೂಟರ್ ಕಂಪನಿಗಳಲ್ಲೇ ದುಡಿಯುವವರು. ನಿಮಗೆ ನಾನೇನು ಹೇಳಲಿ? ಆದರೂ ಬಂದಿದ್ದೇನೆ. ಏಕೆಂದರೆ ನಿಮಗೆ ಕಂಪ್ಯೂಟರ್ ಗೊತ್ತು. ನನಗೆ ಅದರೊಳಗೆ ಕನ್ನಡ ಪಟ್ಟ ಪಾಡು ಗೊತ್ತು.

ನಮ್ಮ ತಂದೆಯವರ ಕಾಲದಲ್ಲಿ ನಮ್ಮದು ಟ್ರೆಡಲ್ ಪ್ರೆಸ್. ಸೀಸದ ಅಚ್ಚುಮೊಳೆಗಳು. ಮರದ ಕೇಸಿನಲ್ಲಿ ಸಣ್ಣ ಸಣ್ಣ ಮನೆಗಳು, ಮನೆಗೊಂದು ಅಕ್ಷರ. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿದರೆ ನೂರಾರು ಮನೆ ಬೇಕು. ನಮ್ಮಲ್ಲಿದ್ದ ಹಿರಿಯ ಕಂಪೋಸಿಟರ್ ಕೇಸಿನ ಕಡೆ ನೋಡದೆಯೇ ಕೈ ಹಾಕಿದರೂ 'ಕ' ಸಿಗುತ್ತಿತ್ತು. 'ಕ' ಯಾವ ಮನೆಯಲ್ಲಿದೆ ಎಂದು ಅವರ ಕೈಗೆ ಗೊತ್ತಿತ್ತು. ಈ 'ಮನೆ' ಎಂಬ ಮಾತನ್ನು ನೆನಪಿಡಿ. ಇವತ್ತಿನ ನನ್ನ ಮಾತೆಲ್ಲ ಅದರ ಮೇಲೇ ನಿಂತಿದೆ.

ಪ್ರೆಸ್ ತಿಳಿದವನಿಗೆ ಕಂಪ್ಯೂಟರ್ ಕಷ್ಟವಲ್ಲ. ಕೀಬೋರ್ಡ್ ಎಂದರೆ ಕೈ ಓಡಾಡುವ ಕೇಸು. ಪ್ರೊಸೆಸರ್ ಎಂದರೆ ಎಲ್ಲರಿಗೂ ಕೆಲಸ ಹೇಳುವ ಫೋರ್ಮನ್. ರ‍್ಯಾಮ್ ಎಂದರೆ ಕೆಲಸ ನಡೆಯುತ್ತಿರುವ ಮೇಜು. ಕರೆಂಟು ಹೋದರೆ ಮೇಜು ಖಾಲಿ. ಹಾರ್ಡ್ ಡಿಸ್ಕ್ ಎಂದರೆ ಕಟ್ಟಿದ ಪುಟಗಳನ್ನು ಜೋಪಾನವಾಗಿಡುವ ಹಿಂದಿನ ಕೋಣೆ. ಹಾರ್ಡ್‌ವೇರ್ ಕೈಗೆ ಸಿಗುವ ಯಂತ್ರ. ಸಾಫ್ಟ್‌ವೇರ್ ಆ ಯಂತ್ರಕ್ಕೆ ಹೇಳಿಕೊಟ್ಟ ಕೆಲಸದ ಕ್ರಮ. ಬಿಟ್ ಎಂದರೆ ಒಂದು ಸ್ವಿಚ್ಚು: ಆರಿದ್ದರೆ 0, ಹತ್ತಿದ್ದರೆ 1. ಇಂಥ ಎಂಟು ಸ್ವಿಚ್ಚು ಸೇರಿದರೆ ಒಂದು ಬೈಟ್. ಎಂಟು ಸ್ವಿಚ್ಚುಗಳನ್ನು 256 ರೀತಿಯಲ್ಲಿ ಹಾಕಿ ಆರಿಸಬಹುದು.

ಗಣಕ, ಯಂತ್ರಾಂಶ, ತಂತ್ರಾಂಶ, ಕೀಲಿಮಣೆ, ಕಡತ ಎಂಬ ಒಳ್ಳೆಯ ಪದಗಳು ನಮ್ಮಲ್ಲಿವೆ. ಬಳಸಿ, ಬಾಯಿಗೆ ಹತ್ತುತ್ತವೆ. ಆದರೆ 'ಕಂಪ್ಯೂಟರ್' ಎಂದವನನ್ನು ಕನ್ನಡದ್ರೋಹಿ ಎನ್ನಬೇಡಿ. ಅದನ್ನೂ ನಾವು ಕನ್ನಡದಲ್ಲೇ ಬರೆಯುತ್ತೇವೆ ತಾನೇ? ಪದ ಕಡ ತರಬಹುದು. ಅಕ್ಷರ ಕಳೆದುಕೊಂಡರೆ ಮಾತ್ರ ಉಳಿಗಾಲವಿಲ್ಲ.

ಈ ಯಂತ್ರ ಬೆಳೆದ ಕಥೆ ಸಣ್ಣದು. 1946ರಲ್ಲಿ ಅಮೆರಿಕದಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಸುಮಾರು 30 ಟನ್ ತೂಕವಿತ್ತು. ಅದರೊಳಗೆ ಸುಮಾರು 18 ಸಾವಿರ ವಾಲ್ವ್‌ಗಳು. 1947ರಲ್ಲಿ ಟ್ರಾನ್ಸಿಸ್ಟರ್ ಬಂತು, ವಾಲ್ವ್ ಮೂಲೆ ಸೇರಿತು. 1971ರಲ್ಲಿ ಇಂಟೆಲ್ 4004 ಎಂಬ ಒಂದೇ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್ ಕೂಡಿಸಿದರು. 1981ರಲ್ಲಿ ಐಬಿಎಂ ಪಿಸಿ ಬಂತು. ಇವತ್ತು ನಿಮ್ಮ ಜೇಬಿನ ಫೋನಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳಿವೆ!

ಇಷ್ಟೆಲ್ಲ ಬೆಳೆದರೂ ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಮನೆ, ಆ ಮನೆಗೊಂದು ನಂಬರ್ ಕೊಡಬೇಕು. 1963ರಲ್ಲಿ ಅಮೆರಿಕದವರು ಆಸ್ಕಿ ಎಂಬ ಪಟ್ಟಿ ಮಾಡಿದರು. ಒಟ್ಟು 128 ಮನೆ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೇ ಅದು ಭರ್ತಿ. 'ಕ'ಕ್ಕೆ ಮನೆಯಿಲ್ಲ. ತಪ್ಪು ಅವರದಲ್ಲ, ಅವರು ಅವರ ಭಾಷೆಗೆ ಮಾಡಿಕೊಂಡರು. ನಮ್ಮ ಭಾಷೆಗೆ ನಾವೇ ಮಾಡಿಕೊಳ್ಳಬೇಕಿತ್ತು.

ಮಾಡಿದವರೂ ಇದ್ದಾರೆ. ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರನ್ನು ಮರೆಯಬೇಡಿ. ಅಚ್ಚಿನ ಅಕ್ಷರಗಳ ಒಳಹೊರಗು ಬಲ್ಲವರು. ಹಳೆಯ ಕೇಸಿನ ನೂರಾರು ಮನೆಯ ಕನ್ನಡವನ್ನು ಇಂಗ್ಲಿಷಿನ 26 ಕೀಲಿಗಳ ಮೇಲೆ ಕೂರಿಸಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಕಾಗುಣಿತ, ಒತ್ತಕ್ಷರ ಕೂಡಿಸುವ ಕೆಲಸ ಯಂತ್ರದ್ದು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಗೆ ಅವರ ಕೀಲಿಮಣೆಯೇ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು. ಇನ್ಫೋಸಿಸ್ 1983ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದು ಕಂಪ್ಯೂಟರ್ ನಗರಿ ಎನಿಸಿಕೊಂಡ ಊರು ನಮ್ಮದು. ಆದರೆ ಕನ್ನಡದ ಕೆಲಸ ಮಾಡಿದವರು ಬೆರಳೆಣಿಕೆಯ ಮಂದಿ!

ಆ ದಿನಗಳಲ್ಲಿ ಕನ್ನಡದ ಫಾಂಟ್ ಮಾಡುತ್ತಿದ್ದ ಉಪಾಯವೇನು ಗೊತ್ತೇ? ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸುವುದು. ಒಂದು ಮನೆಯಲ್ಲಿ ಅಕ್ಷರದ ಮೈ, ಇನ್ನೊಂದರಲ್ಲಿ ತಲೆಕಟ್ಟು. ಅಂದರೆ ಕನ್ನಡ ಬಾಡಿಗೆ ಮನೆಯಲ್ಲಿತ್ತು! ಒಂದೊಂದು ಫಾಂಟಿನವರದು ಒಂದೊಂದು ಬಾಡಿಗೆ ಕರಾರು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಮನೆಯ ಮಾಲೀಕ ಹೊರಗೆ ಬರುತ್ತಾನೆ. ಬಹಳ ಬಳಕೆಯಲ್ಲಿದ್ದ ಒಂದು ಫಾಂಟಿನಲ್ಲಿ 'ಕನ್ನಡ' ಎಂದು ಹೊಡೆದ ಪದ ಆಗ ಹೇಗೆ ಕಾಣುತ್ತದೆ? ಮೊದಲು ಇಂಗ್ಲಿಷಿನ 'ಪಿ', ಆಮೇಲೆ ನೆತ್ತಿಯ ಮೇಲೆ ಗೀಟಿರುವ 'ಎ', ಅದರ ಪಕ್ಕದಲ್ಲಿ ಇಂಗ್ಲೆಂಡಿನ ಪೌಂಡ್ ಚಿಹ್ನೆ! ಕನ್ನಡದ ಹೆಸರಿನಲ್ಲಿ ಪೌಂಡ್!

ನಗಬೇಡಿ. ನನ್ನ ಪ್ರೆಸ್ಸಿನಲ್ಲಿ ನಡೆದದ್ದು ಕೇಳಿ.

2003ರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಸುತ್ತಲ ಕೆರೆಗಳ ಬಗ್ಗೆ ಬರೆದು ತಂದರು. ಯಾವ ಕೆರೆ, ಯಾರು ಕಟ್ಟಿಸಿದ್ದು, ಯಾವ ಕೋಡಿ ಎಲ್ಲಿಗೆ ಹರಿಯುತ್ತದೆ, ಎಲ್ಲಾ ಕಾಲ್ನಡಿಗೆಯಲ್ಲಿ ಸುತ್ತಿ ಕಲೆಹಾಕಿದ್ದು. ನಾವು ಟೈಪ್ ಮಾಡಿ 300 ಪ್ರತಿ ಅಚ್ಚು ಹಾಕಿಕೊಟ್ಟೆವು. 2019ರಲ್ಲಿ ಅವರ ಮಗಳು ಬಂದರು. ಮೇಷ್ಟ್ರು ತೀರಿಕೊಂಡಿದ್ದರು. "ಅಪ್ಪನ ಪುಸ್ತಕ ಇನ್ನೊಂದು ಸಲ ಪ್ರಿಂಟ್ ಮಾಡಬೇಕು ಸಾರ್" ಅಂದರು. ಮನೆಯಲ್ಲಿ ಉಳಿದಿದ್ದ ಒಂದೇ ಪ್ರತಿಗೆ ಗೆದ್ದಲು ಹಿಡಿದು ಹನ್ನೊಂದು ಪುಟ ಹೋಗಿತ್ತು. "ಚಿಂತೆ ಬೇಡಮ್ಮ, ಸಿಡಿ ಇದೆ" ಅಂದೆ.

ಸಿಡಿ ತೆರೆಯಿತು. ಒಳಗೆ ಕನ್ನಡವೇ ಇರಲಿಲ್ಲ! ಬರೀ ಪಿ, ಎ, ಪೌಂಡು. ಆ ಫಾಂಟ್ ಹಾಕಿದ್ದ ಹಳೆಯ ಕಂಪ್ಯೂಟರನ್ನು ನಾನೇ ಗುಜರಿಗೆ ಕೊಟ್ಟಿದ್ದೆ. ಬಿಟಿಎಂ ಲೇಔಟಿನ ಸಾಫ್ಟ್‌ವೇರ್ ಹುಡುಗನೊಬ್ಬ ಮೂರು ಭಾನುವಾರ ಕುಳಿತ. ಗೆದ್ದಲು ಮುಟ್ಟದ ಪುಟಗಳ ಜೊತೆ ಹೋಲಿಸಿ, ಯಾವ ಗುರುತಿಗೆ ಯಾವ ಅಕ್ಷರ ಎಂದು ಒಗಟು ಬಿಡಿಸಿದ ಹಾಗೆ ಬಿಡಿಸಿದ. ಹನ್ನೊಂದು ಪುಟದಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಂತು. ಎರಡು ಕೆರೆಗಳ ಹೆಸರು ಮಾತ್ರ ಬರಲಿಲ್ಲ. ಅವುಗಳಲ್ಲಿದ್ದ ಒತ್ತಕ್ಷರದ ಗುರುತು ಬೇರೆಲ್ಲೂ ಇರಲಿಲ್ಲ. ಊಹಿಸಿ ಹಾಕೋಣ ಎಂದರೆ, ಊರಿನ ಹೆಸರು ಊಹಿಸುವಂಥದ್ದಲ್ಲ. ಕೇಳೋಣ ಎಂದರೆ ಮೇಷ್ಟ್ರಿಲ್ಲ. ಆ ಎರಡು ಜಾಗ ಖಾಲಿ ಬಿಟ್ಟು ಅಚ್ಚು ಹಾಕಿದೆವು.

ಕಾಗದ ತಿಂದದ್ದು ಗೆದ್ದಲು. ಫೈಲ್ ತಿಂದದ್ದು ನನ್ನ ಉದಾಸೀನ.

ಉದಾಸೀನ ಏಕೆ ಎನ್ನುತ್ತೇನೆಂದರೆ, ಆ ಹೊತ್ತಿಗೆ ಕನ್ನಡಕ್ಕೆ ಸ್ವಂತ ಸೈಟು ಸಿಕ್ಕಿ ಹನ್ನೆರಡು ವರ್ಷವಾಗಿತ್ತು! ಜಗತ್ತಿನ ಭಾಷೆಗಳಿಗೆಲ್ಲ ಒಂದೇ ಪಟ್ಟಿ ಇರಲೆಂದು ಹೊರಟ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸೈಟು ಹಂಚಿತು. 'ಕ' ನಂಬರ್ 3221. 'ನ' 3240. 'ಡ' 3233. 'ಕನ್ನಡ' ಎಂದರೆ 3221, 3240, 3277, 3240, 3233. ನಡುವಿನ 3277 ಒತ್ತು ಕೂಡಿಸುವ ಗುರುತು. ಇದು ಖಾತೆ ಆದ ಸೈಟು. ಬೆಂಗಳೂರಿನಲ್ಲಿ ತೆರೆಯಿರಿ, ಕಾಸರಗೋಡಿನಲ್ಲಿ ತೆರೆಯಿರಿ, ನ್ಯೂಯಾರ್ಕಿನಲ್ಲಿ ತೆರೆಯಿರಿ, 3221 ಎಂದರೆ 'ಕ'ವೇ. ಫಾಂಟ್ ಬದಲಾದರೆ ರೂಪ ಬದಲಾಗಬಹುದು, ಅಕ್ಷರ ಬದಲಾಗದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ 'ತುಂಗಾ' ಎಂಬ ಕನ್ನಡ ಫಾಂಟಿತ್ತು. ಆದರೂ ನಾವು ಪ್ರೆಸ್ಸಿನವರು ಬಾಡಿಗೆ ಮನೆ ಬಿಡಲಿಲ್ಲ. ಪುಟ ಕಟ್ಟಲು ನಾವು ಬಳಸುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಬರುತ್ತಿರಲಿಲ್ಲ, ಅದು ನಿಜ. ಆದರೆ ಇನ್ನೊಂದು ಪ್ರತಿಯನ್ನು ಯೂನಿಕೋಡಿನಲ್ಲಿ ಇಡಬಾರದು ಎಂದು ಯಾರೂ ನನ್ನ ಕೈ ಕಟ್ಟಿರಲಿಲ್ಲ.

ಹಳೆಯ ಫಾಂಟಿನ ಕನ್ನಡವನ್ನು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ಕನ್ನಡಿಗರ ಕಣ್ಣಿಗೆ ಅದು ಕನ್ನಡ, ಯಂತ್ರದ ಪಾಲಿಗೆ ಇಂಗ್ಲಿಷಿನ ಕಸ.

ಗೆಳೆಯರೇ, ಬೋರ್ಡಿನ ಮೇಲೆ ಕನ್ನಡ ಇಲ್ಲದಿದ್ದರೆ ನೀವು ಕೇಳುತ್ತೀರಿ. ಕೇಳಲೇಬೇಕು. ಹಾಗೆಯೇ ಫೈಲಿನೊಳಗೂ ಕನ್ನಡ ಇದೆಯೇ ಎಂದು ಕೇಳಿ. ಕನ್ನಡ ಸಂಘದ ಸಂಚಿಕೆ ಮಾಡಿಸುವಾಗ, ತಾತನ ನೆನಪುಗಳನ್ನು ಅಚ್ಚು ಹಾಕಿಸುವಾಗ, ನನ್ನಂಥ ಪ್ರೆಸ್ಸಿನವನನ್ನು "ಸ್ವಾಮಿ, ಯೂನಿಕೋಡಿನ ಫೈಲ್ ಕೊಡಿ" ಎಂದು ದಬಾಯಿಸಿ ಕೇಳಿ. ಹಳೆಯ ಫಾಂಟಿನಿಂದ ಬದಲಾಯಿಸುವ ತಂತ್ರಾಂಶಗಳಿವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಮೂಲ ಪ್ರತಿಯ ಪಕ್ಕ ಇಟ್ಟು ನೋಡಿ. ಬರೆದವರು ಬದುಕಿರುವಾಗಲೇ ಮಾಡಿ. ಭಾನುವಾರಕ್ಕೊಂದು ಪುಸ್ತಕ ಹಿಡಿದರೂ ಸಾಕು.

ನನ್ನ ಪ್ರೆಸ್ಸಿನಲ್ಲಿ ಇನ್ನೂ ಎರಡು ಪೆಟ್ಟಿಗೆ ಹಳೆಯ ಸಿಡಿಗಳಿವೆ. ಬಾಗಿಲು ತೆರೆದಿರುತ್ತದೆ, ಬನ್ನಿ. ಕಾಫಿ ನನ್ನದು, ಕೆಲಸ ನಿಮ್ಮದು.

ಜೈ ಕರ್ನಾಟಕ!