ಟಿ.ಸಿ. ಕೇಳಲು ಬಂದವನ ಮಾತು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಾನು ಶಾಲೆಗೆ ಬಂದದ್ದು ಈ ಸಮಾರಂಭದ ಕೆಲಸಕ್ಕಲ್ಲ. ಇಲ್ಲೇ ಒಂಬತ್ತನೇ ತರಗತಿ ಓದುತ್ತಿರುವ ನನ್ನ ಮಗಳ ಟಿ.ಸಿ. ವಿಚಾರಿಸಲು. ಮೇಷ್ಟ್ರು ನನ್ನನ್ನು ನೋಡಿ, "ಸಿಕ್ಕಿದ್ದು ಒಳ್ಳೆಯದಾಯಿತು, ನೀವೂ ನಾಲ್ಕು ಮಾತಾಡಬೇಕು" ಅಂದರು. ಹಾಗಾಗಿ ಊರು ಬಿಡಲು ಗಂಟು ಕಟ್ಟುತ್ತಿರುವವನೊಬ್ಬ ನಿಮ್ಮ ಮುಂದೆ ನಿಂತಿದ್ದಾನೆ.

ನಾನು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಮೇಲೆ ಕೆಲಸ ಮಾಡುವವನು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಾರ್ಖಾನೆ ಹೊಸೂರಿಗೆ ಹೋಗುತ್ತಿದೆ. "ಹೊಸೂರೇನು ದೂರ? ಬೆಂಗಳೂರಿನಿಂದ ಸುಮಾರು 40 ಕಿ.ಮೀ. ತಾನೇ" ಎಂದು ಎಲ್ಲರೂ ಹೇಳಿದರು. ಆದರೆ ನಾವಿರುವುದು ನಗರದ ಈ ತುದಿಯಲ್ಲಿ, ಹೊಸೂರು ಇರುವುದು ಆ ತುದಿಯಾಚೆ. ಒಂದು ಶನಿವಾರ ಹೋಗಿಯೇ ನೋಡಿದೆ. ನಾಗಸಂದ್ರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರ ಸೇರಿ, ಅಲ್ಲಿಂದ ಬಸ್ಸಿನಲ್ಲಿ ಅತ್ತಿಬೆಲೆ ದಾಟಿ ಹೊಸೂರು. ಎರಡೂವರೆ ಗಂಟೆ ಹಿಡಿಯಿತು. ಬೆಳಗಿನ ಆರು ಗಂಟೆಯ ಶಿಫ್ಟಿಗೆ ಇದು ಆಗುವ ಮಾತಲ್ಲ.

ಈಗ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕಾಗದಗಳನ್ನು ಹರವಿಕೊಂಡು ಕೂರುವುದೇ ಕೆಲಸ. ಪಿ.ಎಫ್.ನ ಯುಎಎನ್ ನಂಬರು ರಾಜ್ಯ ಬದಲಾದರೂ ಅದೇ ಇರುತ್ತದೆ, ಅದೊಂದು ನೆಮ್ಮದಿ. ಬೈಕು ಹಾಗಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನಂಬರು ಹಾಕಿಸಬೇಕು. ಅದಕ್ಕೆ ಮೊದಲು ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತೆಗೆದುಕೊಳ್ಳಬೇಕು. ಹೊರ ರಾಜ್ಯಕ್ಕೆ ಹೋಗುವ ಮಗುವಿನ ಟಿ.ಸಿ.ಗೆ ಬಿಇಒ ಅವರ ಮೇಲುರುಜು ಬೇಕು. ಮಗಳ ಆಧಾರ್ ನೋಡಿದರೆ ಹೆಸರಿನ ಇನಿಷಿಯಲ್ ಶಾಲೆಯ ದಾಖಲೆಯಂತಿಲ್ಲ! ಮಕ್ಕಳೇ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಆಧಾರ್ ಮತ್ತು ಶಾಲೆಯ ದಾಖಲೆ ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾಗುವ ಮೊದಲೇ ಸರಿಮಾಡಿಸಿಕೊಳ್ಳಿ.

ಕಾಗದದ ಕೆಲಸ ಹೇಗೋ ಮುಗಿಯುತ್ತದೆ. ಮುಗಿಯದಿದ್ದದ್ದು ಭಾಷೆಯ ಪ್ರಶ್ನೆ. ಹೊಸೂರಿನ ಪೇಟೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ, ಮಾತಿಗೇನೂ ತೊಂದರೆಯಿಲ್ಲ. ಆದರೆ ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ 1968ರಿಂದ ನಡೆದು ಬಂದಿರುವುದು ತಮಿಳು ಮತ್ತು ಇಂಗ್ಲಿಷಿನ ದ್ವಿಭಾಷಾ ಪದ್ಧತಿ. ಅದು ಅವರ ನಾಡಿನ ಕ್ರಮ, ತಪ್ಪು ಅನ್ನಲಾರೆ. ಆದರೆ ಇಲ್ಲಿ 125 ಅಂಕದ ಪ್ರಥಮ ಭಾಷೆ ಕನ್ನಡಕ್ಕೆ ತಯಾರಾಗುತ್ತಿರುವ ಹುಡುಗಿ, ಹತ್ತನೇ ತರಗತಿಗೆ ಹೋಗಿ ತಮಿಳು ಅಕ್ಷರ ತಿದ್ದಬೇಕೇ? ನಮ್ಮ ಮನೆಯಾಕೆ ಒಂದೇ ಮಾತು ಹೇಳಿದಳು: "ನಿಮ್ಮ ಕೆಲಸಕ್ಕೆ ನೀವು ಹೋಗಿ, ಅವಳ ಪರೀಕ್ಷೆಗೆ ನಾನಿರುತ್ತೇನೆ." ಹಾಗಾಗಿ ಟಿ.ಸಿ. ಅರ್ಜಿ ಕೊಡಲಿಲ್ಲ. ಅವಳು 2027ರಲ್ಲಿ ಇದೇ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಬರೆಯುವ ತನಕ ನಾನು ಹೊಸೂರಿನ ರೂಮಿನಲ್ಲಿರುತ್ತೇನೆ, ವಾರಕ್ಕೊಮ್ಮೆ ಬರುತ್ತೇನೆ. ಎರಡು ಮನೆ ಬಾಡಿಗೆ, ಎರಡು ಒಲೆ. ಕಷ್ಟವೇ. ಆದರೂ ನಿರ್ಧಾರ ಆಗಿದೆ.

ಗಂಟು ಕಟ್ಟುವಾಗ ನನಗೆ 1992 ನೆನಪಾಯಿತು. ಸುತ್ತಲಿನ ಎಚ್‌ಎಂಟಿ, ಬಿಇಎಲ್‌ನಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಲೇ ಪೀಣ್ಯದ ಸಣ್ಣ ವರ್ಕ್‌ಶಾಪುಗಳು ಬೆಳೆದವು. ಅಂಥದೊಂದು ಲೇತ್ ಶಾಪಿನಲ್ಲಿ ಕೆಲಸ ಸಿಕ್ಕಿ ನಮ್ಮಪ್ಪ ಕುಣಿಗಲ್ ಕಡೆಯಿಂದ ನಮ್ಮನ್ನು ಕರೆತಂದರು. ಆಗ ಅರ್ಧ ವರ್ಷ ಕಳೆದಿತ್ತು, ನನ್ನ ಟಿ.ಸಿ. ಬಂದಿರಲಿಲ್ಲ. ಅಪ್ಪ ಈ ಶಾಲೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಅಂದಿನ ಹೆಡ್‌ಮಾಸ್ಟರು, "ಕಾಗದ ಆಮೇಲೆ ಬರಲಿ, ಮೊದಲು ಹುಡುಗ ಒಳಗೆ ಬರಲಿ" ಎಂದು ಎಂಟನೇ ತರಗತಿಯಲ್ಲಿ ಕೂರಿಸಿದರು. ಟಿ.ಸಿ. ತಡವಾಯಿತೆಂದು ಎಂಟನೇ ತರಗತಿವರೆಗಿನ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯಿದೆ ಹೇಳಿದ್ದು 2009ರಲ್ಲಿ. ನಮ್ಮ ಮೇಷ್ಟ್ರು ಅದನ್ನು ಹದಿನೇಳು ವರ್ಷ ಮೊದಲೇ ಮಾಡಿದ್ದರು.

ಇವತ್ತು ಪೀಣ್ಯದ ಬಾಡಿಗೆ ಮನೆಗಳಲ್ಲಿ ರಾಯಚೂರು, ಕಲಬುರಗಿ, ಬಿಹಾರ, ಒಡಿಶಾಗಳಿಂದ ಬಂದ ಕುಟುಂಬಗಳಿವೆ. ಅವರ ಮಕ್ಕಳೂ ವರ್ಷದ ನಡುವೆ, ಕಾಗದವಿಲ್ಲದೆ, ಕೆಲವರು ಕನ್ನಡವೂ ಬಾರದೆ ಈ ಬಾಗಿಲಿಗೆ ಬರುತ್ತಾರೆ. ಗುರುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಅವರನ್ನೂ ಮೊದಲು ಒಳಗೆ ಕೂರಿಸಿ. ಮಕ್ಕಳೇ, ಹೊಸದಾಗಿ ಬಂದವರಿಗೆ ನಿಮ್ಮ ಬೆಂಚಿನಲ್ಲಿ ಜಾಗ ಕೊಡಿ, ನೋಟ್ಸ್ ಕೊಡಿ. ಇನ್ನು ಒಂದೂವರೆ ವರ್ಷಕ್ಕೆ ನನ್ನ ಮಗಳೂ ಬೇರೆ ರಾಜ್ಯದ ಯಾವುದೋ ಬಾಗಿಲಲ್ಲಿ ಹೊಸಬಳಾಗಿ ನಿಲ್ಲುತ್ತಾಳೆ. ಅಲ್ಲಿಯೂ ಯಾರಾದರೂ "ಒಳಗೆ ಬಾ" ಅನ್ನಲಿ ಎಂಬುದೇ ನನ್ನ ಆಸೆ.

ನನ್ನನ್ನು ಒಳಗೆ ಕರೆದ ಈ ಶಾಲೆಗೆ ಕೈಮುಗಿಯುತ್ತೇನೆ.