ಕೆರೆಯಿಂದ ಕೆರೆಗೆ ಕಾಲ್ನಡಿಗೆ

ಚಾರಣ, ದೋಣಿ ವಿಹಾರ ಅಂದ ಕೂಡಲೆ ನಮ್ಮ ಮನಸ್ಸು ಮಲೆನಾಡಿನ ಕಡೆಗೆ ಓಡುತ್ತದೆ. ಕುಮಾರಪರ್ವತ, ಕುದುರೆಮುಖ, ದಾಂಡೇಲಿಯ ಕಾಳಿ ನದಿ ನೆನಪಾಗುತ್ತವೆ. ಕೋಲಾರ ಯಾರಿಗೂ ನೆನಪಾಗುವುದಿಲ್ಲ. ಮಳೆ ಕಡಿಮೆ, ವರ್ಷವಿಡೀ ಹರಿಯುವ ನದಿಯಿಲ್ಲ, ಕಾಡು ಅಲ್ಲಲ್ಲಿ ಮಾತ್ರ. ಆದರೂ ಇವತ್ತಿನ ಮಾತು ಆ ಜಿಲ್ಲೆಯದೇ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಸಿಗುವ ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳ ಸುತ್ತಲಿನ ನೆಲ, ಅಲ್ಲಿನ ಬೆಟ್ಟ ಮತ್ತು ಕೆರೆ. ಅದನ್ನು ಅರ್ಥಮಾಡಿಕೊಳ್ಳಲು ಮೊದಲು ಅಮೆರಿಕದ ಒಂದು ಸಣ್ಣ ಊರಿಗೆ ಹೋಗಿಬರೋಣ.

ಆ ಊರಿನ ಹೆಸರು ಈಲಿ. ಮಿನ್ನೆಸೋಟ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಯ ಹತ್ತಿರ ಇದೆ. ಈಲಿ ಹುಟ್ಟಿದ್ದು ಕಬ್ಬಿಣದ ಅದಿರಿನ ಗಣಿಯಿಂದ. 1880ರ ದಶಕದಲ್ಲಿ ಅಲ್ಲಿ ಗಣಿ ತೆರೆದರು. ಅದೇ ದಶಕದಲ್ಲಿ ಇಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. ಈಲಿಯ ಕೊನೆಯ ಗಣಿ 1967ರಲ್ಲಿ ಮುಚ್ಚಿತು. ನಮ್ಮ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ಹೋದ ಮೇಲೆ ಈಲಿಯವರು ಹಿಡಿದ ದಾರಿ ನಡಿಗೆಯದು ಮತ್ತು ದೋಣಿಯದು. ಇವತ್ತು ಆ ಊರಿನ ಮುಖ್ಯಬೀದಿಯಲ್ಲಿ ದೋಣಿ, ಡೇರೆ, ಹುಟ್ಟು ಬಾಡಿಗೆಗೆ ಕೊಡುವ ಅಂಗಡಿಗಳೇ ಎದ್ದು ಕಾಣುತ್ತವೆ. ಊರಿನಾಚೆ ಶುರುವಾಗುತ್ತದೆ ಬೌಂಡರಿ ವಾಟರ್ಸ್ ಎಂಬ ಕಾಡು. ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಅದರೊಳಗೆ ಸಾವಿರಕ್ಕೂ ಹೆಚ್ಚು ಕೆರೆಗಳು.

ಅಲ್ಲಿ ಪ್ರಯಾಣ ಹೇಗೆ ಸಾಗುತ್ತದೆ ಅನ್ನುವುದು ಕೇಳಲು ಸ್ವಾರಸ್ಯವಾಗಿದೆ. ಒಂದು ಕೆರೆಯನ್ನು ದೋಣಿಯಲ್ಲಿ ದಾಟುತ್ತೀರಿ. ದಡ ಸಿಗುತ್ತದೆ. ಮುಂದಿನ ಕೆರೆ ಕಾಡಿನ ಆಚೆಗಿದೆ. ಆಗ ದೋಣಿಯನ್ನು ನೀರಿನಿಂದ ಎತ್ತಿ, ಬೋರಲು ಹಾಕಿ, ನಡುವಿನ ಅಡ್ಡಪಟ್ಟಿಯನ್ನು ಎರಡು ಭುಜದ ಮೇಲೆ ಕೂರಿಸಿಕೊಂಡು ನಡೆಯಬೇಕು. ತಲೆ ದೋಣಿಯ ಒಳಗಿರುತ್ತದೆ. ಮುಂದಿನ ನಾಲ್ಕು ಹೆಜ್ಜೆಯ ನೆಲ ಬಿಟ್ಟರೆ ಬೇರೇನೂ ಕಾಣದು. ಸೊಳ್ಳೆ ಕಚ್ಚಿದರೂ ಕೈಬಿಡುವಂತಿಲ್ಲ. ಹೀಗೆ ಹೊತ್ತು ನಡೆಯುವ ದಾರಿಯ ಉದ್ದವನ್ನು ಅಲ್ಲಿ ಮೈಲಿಯಲ್ಲಿ ಹೇಳುವುದಿಲ್ಲ. ರಾಡ್ ಎಂಬ ಹಳೆಯ ಅಳತೆ ಇದೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯಷ್ಟು ಉದ್ದ. ಆ ದಾರಿಗಳು ಪ್ರವಾಸಿಗರಿಗಾಗಿ ಮಾಡಿದವಲ್ಲ. ಓಜಿಬ್ವೆ ಎಂಬ ಮೂಲನಿವಾಸಿ ಜನ ಬರ್ಚ್ ಮರದ ತೊಗಟೆಯ ದೋಣಿ ಹೊತ್ತು ನಡೆದು ಸವೆಸಿದ ದಾರಿಗಳು. ಆಮೇಲೆ ತುಪ್ಪಳದ ವ್ಯಾಪಾರಿಗಳು ಅದರಲ್ಲೇ ಓಡಾಡಿದರು.

ಈ ಕಾಡು ಉಳಿದದ್ದು ತಾನಾಗಿಯೇ ಅಲ್ಲ. 1964ರಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿತು. ಕೆಲವು ಪ್ರದೇಶಗಳಲ್ಲಿ ಮನುಷ್ಯ ಬಂದು ಹೋಗುವ ಅತಿಥಿ ಮಾತ್ರ, ಅಲ್ಲಿ ನೆಲೆಯೂರಕೂಡದು ಅನ್ನುವುದು ಅದರ ತಿರುಳು. 1978ರ ಇನ್ನೊಂದು ಕಾಯಿದೆ ಬೌಂಡರಿ ವಾಟರ್ಸ್‌ನ ಬಹುಪಾಲು ಕೆರೆಗಳಿಂದ ಮೋಟಾರು ದೋಣಿಗಳನ್ನು ಹೊರಗೆ ಹಾಕಿತು. ಒಂದು ತಂಡದಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚು ಇರಬಾರದು. ಬಳಸಿ ಬಿಸಾಡುವ ಡಬ್ಬಿ, ಬಾಟಲಿ ಒಳಗೆ ಒಯ್ಯಬಾರದು. ಬೇಸಿಗೆಯಲ್ಲಿ ರಾತ್ರಿ ತಂಗಲು ಹೋಗುವವರ ಸಂಖ್ಯೆಗೆ ದಿನಕ್ಕಿಷ್ಟೇ ಅಂತ ಮಿತಿಯುಂಟು. ಊರಿನವರು ಇದನ್ನು ಹಾರ ಹಾಕಿ ಬರಮಾಡಿಕೊಂಡರು ಅಂದುಕೊಳ್ಳಬೇಡಿ. ಸಿಗರ್ಡ್ ಓಲ್ಸನ್ ಎಂಬ ಲೇಖಕ ಈಲಿಯಲ್ಲೇ ಇದ್ದು, ಈ ಕಾಡಿನ ಪರವಾಗಿ ಜೀವನವಿಡೀ ಬರೆದವರು. 1977ರಲ್ಲಿ ಅದೇ ಊರಲ್ಲಿ ಬೌಂಡರಿ ವಾಟರ್ಸ್ ಕಾಯಿದೆಯ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆದ ದಿನ ಜನ ಅವರ ಪ್ರತಿಕೃತಿಯನ್ನು ನೇತುಹಾಕಿದ್ದರು. ಗಣಿ ಮುಚ್ಚಿದ ಊರಲ್ಲಿ ಹೊಟ್ಟೆಪಾಡಿನ ಪ್ರಶ್ನೆ ಎದ್ದಾಗ ಸಿಟ್ಟು ಬರುವುದು ಸಹಜವೇ.

ಈಗ ಕೋಲಾರಕ್ಕೆ ಬರೋಣ. ಈ ಎರಡು ನೆಲಗಳಿಗೆ ಗಣಿಗಿಂತ ಹಳೆಯ ನಂಟಿದೆ. ಭೂವಿಜ್ಞಾನಿಗಳು ಗ್ರೀನ್‌ಸ್ಟೋನ್ ಎಂದು ಕರೆಯುವ, ಹಸಿರು ಛಾಯೆಯ ಜ್ವಾಲಾಮುಖಿ ಶಿಲೆ ಈಲಿಯಲ್ಲೂ ಇದೆ, ಕೋಲಾರದಲ್ಲೂ ಇದೆ. ಎರಡರ ವಯಸ್ಸೂ ಸುಮಾರು 270 ಕೋಟಿ ವರ್ಷ. ಕೋಲಾರದ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಕೆಲವೇ ಕಿಲೋಮೀಟರ್. ಚಿನ್ನ ಸಿಕ್ಕಿದ್ದು ಇದರೊಳಗೆ. ಪೆದ್ದಪಲ್ಲಿಯಲ್ಲಿರುವ ಇಂಥ ಜ್ವಾಲಾಮುಖಿ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಲಾಗಿದೆ.

ಶಿಲೆ ಒಂದೇ ಬಗೆಯದಾದರೂ ಕೆರೆಗಳು ಬೇರೆ. ಮಿನ್ನೆಸೋಟದಲ್ಲಿ ಹಿಮಯುಗದ ಹಿಮರಾಶಿ ಬಂಡೆಯನ್ನು ಕೆರೆದು ಗುಂಡಿ ಮಾಡಿತು, ಅದರಲ್ಲಿ ನೀರು ನಿಂತಿತು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಗುದ್ದಲಿ ಮತ್ತು ಮಣ್ಣಿನ ಬುಟ್ಟಿ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿದರು, ಮಳೆನೀರು ನಿಲ್ಲಿಸಿದರು. ತುಂಬಿದ ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳದಲ್ಲಿ ಇಳಿದು ಕೆಳಗಿನ ಕೆರೆ ಸೇರುತ್ತದೆ. ಅದು ತುಂಬಿದರೆ ಅದರ ಕೆಳಗಿನದು. ಹೀಗೆ ಕೋಲಾರದ ಕೆರೆಗಳು ಬಿಡಿಬಿಡಿಯಾಗಿಲ್ಲ, ಸರಣಿಯಾಗಿವೆ. ಈಲಿಯ ಕೆರೆಗಳನ್ನು ಜೋಡಿಸುವುದು ದೋಣಿ ಹೊರುವ ದಾರಿ. ನಮ್ಮ ಕೆರೆಗಳನ್ನು ಜೋಡಿಸುವುದು ಕೋಡಿ ಮತ್ತು ಕಾಲುವೆ.

ಹಾಗಾಗಿ ಇಲ್ಲಿ ನಡೆಯುವವನಿಗೆ ನೀರೇ ದಾರಿ ತೋರಿಸುತ್ತದೆ. ಪಾಲಾರ್ ನದಿಯ ಮೇಲಿರುವ ಬೇತಮಂಗಲ ಕೆರೆಯನ್ನು ತೆಗೆದುಕೊಳ್ಳಿ. ಈ ಊರಿಗೆ ಶಾಸನಗಳಲ್ಲಿ ವಿಜಯಾದಿತ್ಯಮಂಗಲ ಎಂಬ ಹೆಸರಿದೆ. ಗಣಿ ಬಂದಮೇಲೆ ಇಲ್ಲಿನ ನೀರನ್ನೇ ಶುದ್ಧಮಾಡಿ ಕೊಳವೆಯಲ್ಲಿ ಗಣಿಯ ಊರಾದ ಕೆಜಿಎಫ್‌ಗೆ ಹರಿಸಿದರು. ಗಣಿಯ ಕುಟುಂಬಗಳು ರಜಾದಿನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದದ್ದೂ ಇಲ್ಲಿಗೇ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟಿನ ಗದ್ದೆ ತೋಟ. ಏರಿಯ ಒಳಮೈಗೆ ಅಲೆ ಕೊರೆಯದಂತೆ ಹೊದಿಸಿದ ಕಲ್ಲು, ನೀರು ಬಿಡುವ ತೂಬು, ತುದಿಯಲ್ಲಿ ಕೋಡಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಕೋಡಿಯ ಹಳ್ಳದ ಜಾಡು ಹಿಡಿದು ಇಳಿಯುತ್ತ ಹೋದರೆ ಮುಂದೆ ರಾಮಸಾಗರದ ಕೆರೆ ಸಿಗುತ್ತದೆ. ದಾರಿಯುದ್ದಕ್ಕೂ ಹೊಂಗೆ, ಹುಣಸೆ, ಜಾಲಿ. ಇದು ಕಾಡಿನ ನಡಿಗೆಯಲ್ಲ. ಆದರೆ ಒಂದು ಹನಿ ನೀರನ್ನೂ ಸುಮ್ಮನೆ ಹೋಗಲು ಬಿಡದ ಜನರ ಬುದ್ಧಿಯನ್ನು ಕಾಲಿನಿಂದ ಓದುವ ನಡಿಗೆ.

ದೋಣಿಯ ಮಾತೇನು? ನಮ್ಮದು ತೆಪ್ಪ, ಹರಿಗೋಲು ಅಂತಲೂ ಅನ್ನುತ್ತೇವೆ. ಬಿದಿರಿನ ಸೀಳುಗಳನ್ನು ಅಗಲವಾದ ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಇದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹೊಸಬರು ಪಕ್ಕದಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಬಲ್ಲವರು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಹುಟ್ಟನ್ನು ನೀರಿಗಿಳಿಸಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ತೆಪ್ಪ ಆ ಕಡೆಗೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ಮೀನುಗಾರ ಅದನ್ನು ಬೋರಲು ಮಾಡಿ ಬೆನ್ನಿಗೇರಿಸಿಕೊಂಡು ನಡೆದುಬಿಡುತ್ತಾನೆ. ದೂರದಿಂದ ಆಮೆ ಎದ್ದು ನಡೆದಂತೆ ಕಾಣುತ್ತದೆ. ದೋಣಿ ಹೊತ್ತು ನಡೆಯುವ ವಿದ್ಯೆ ಈಲಿಯವರದಷ್ಟೇ ಅಲ್ಲ.

ಬೆಟ್ಟ ಬೇಕೆನ್ನುವವರಿಗೆ ಕೋಲಾರ ಪಟ್ಟಣದ ಪಕ್ಕದಲ್ಲೇ ಶತಶೃಂಗ ಬೆಟ್ಟಸಾಲಿನ ಅಂತರಗಂಗೆ ಇದೆ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರ ದೇವಸ್ಥಾನ, ಬಸವನ ಬಾಯಿಂದ ಸುರಿಯುವ ಬುಗ್ಗೆಯ ನೀರು. ಅಲ್ಲಿಂದ ಮೇಲೆ ಬಂಡೆಗಳ ರಾಜ್ಯ. ಈ ಬಂಡೆಗಳನ್ನು ಯಾರೂ ಉರುಳಿಸಿ ಪೇರಿಸಿದ್ದಲ್ಲ. ನೆಲದಡಿಯ ಗಟ್ಟಿ ಕಲ್ಲಿನಲ್ಲಿ ಬಿರುಕುಗಳಿದ್ದವು. ಬಿರುಕಿಗಿಳಿದ ನೀರು ಕಲ್ಲಿನ ಮೂಲೆಗಳನ್ನು ಮೊದಲು ಕರಗಿಸಿ ಪುಡಿಮಾಡಿತು, ಮಳೆ ಆ ಪುಡಿಯನ್ನು ತೊಳೆದೊಯ್ದಿತು, ನಡುವಿನ ಗಟ್ಟಿ ತಿರುಳು ಗುಂಡುಬಂಡೆಯಾಗಿ ಉಳಿಯಿತು. ಒಂದರ ಮೇಲೊಂದು ಒರಗಿದ ಇಂಥ ಬಂಡೆಗಳ ಸಂದುಗಳೇ ಅಂತರಗಂಗೆಯ ಗುಹೆಗಳು. ಒಳಗೆ ಕೆಲವು ಕಡೆ ಬೆನ್ನಿನ ಚೀಲ ಕಳಚಿ ಮುಂದೆ ತಳ್ಳಿ, ಆಮೇಲೆ ತೆವಳಿ ದಾಟಬೇಕು. ಬೆಟ್ಟದ ಮೇಲೆ ತೇರಹಳ್ಳಿಯಂಥ ಊರುಗಳಿವೆ, ಹೊಲಗಳಿವೆ. ಅಮೆರಿಕದ ಕಾಯಿದೆಯಂತೆ ಇಲ್ಲಿ ಮನುಷ್ಯನನ್ನು ಅತಿಥಿ ಅನ್ನಲಾಗದು. ಅವನು ಮನೆಯವನೇ. ಅತಿಥಿಗಳು ನಾವು, ಪೇಟೆಯಿಂದ ಹೋದವರು.

ಎಚ್ಚರಿಕೆಯ ಮಾತೂ ಹೇಳಬೇಕು. ಕೆಜಿಎಫ್‌ನಲ್ಲಿ ದೂರದಿಂದ ಮರಳುಗುಡ್ಡದಂತೆ ಕಾಣುವ ಸೈನೈಡ್ ದಿಬ್ಬಗಳು ಬೆಟ್ಟಗಳಲ್ಲ. ಚಿನ್ನ ತೆಗೆದು ಉಳಿದ ಕಲ್ಲಿನ ಹಿಟ್ಟು, ಮೂರು ಕೋಟಿ ಟನ್ನಿಗೂ ಹೆಚ್ಚು. ಸಿನಿಮಾದಲ್ಲಿ ನೋಡಿದೆವೆಂದು ಹತ್ತಬೇಡಿ. ಗಾಳಿಗೆ ಎದ್ದ ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳೆಯ ಗಣಿಯ ಬಾಯಿಗಳ ಹತ್ತಿರವೂ ಸುಳಿಯಬೇಡಿ. ಕಾಮಸಮುದ್ರದ ಕಡೆಯ ಕಾಡಂಚಿಗೆ ಆನೆಗಳು ರಾಜ್ಯದ ಗಡಿಯಾಚೆಯಿಂದ ಬರುತ್ತವೆ. ಅಲ್ಲಿ ಸಂಜೆಯ ಮೇಲೆ ನಡಿಗೆ ಬೇಡ, ಅರಣ್ಯ ಇಲಾಖೆಯವರನ್ನು ಕೇಳದೆ ಹಗಲಲ್ಲೂ ಬೇಡ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಹಲವು ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆಂದು ಬಿಟ್ಟ ನೀರು ಅದು, ಕುಡಿಯುವುದಕ್ಕಲ್ಲ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಹೋಗಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಹಿಂಗಾರು ಚೆನ್ನಾಗಿ ಬಿದ್ದ ವರ್ಷವಾದರೆ ಕೆರೆಗಳಲ್ಲಿ ನೀರೂ ಇರುತ್ತದೆ.

ಕೊನೆಗೆ ಇನ್ನೊಂದು ವಿಷಯ. ಈಲಿಯ ಹತ್ತಿರದಲ್ಲೇ ಸೂಡನ್ ಎಂಬ ಕಬ್ಬಿಣದ ಗಣಿಯಿತ್ತು. 1962ರಲ್ಲಿ ಮುಚ್ಚಿದ ಅದನ್ನು ರಾಜ್ಯದ ಉದ್ಯಾನವಾಗಿ ಮಾಡಿದರು. ಗಣಿಯ ಹಳೆಯ ಕೇಜಿನಲ್ಲೇ ಪ್ರವಾಸಿಗರನ್ನು ಸುಮಾರು 700 ಮೀಟರ್ ಕೆಳಗೆ ಇಳಿಸಿದರು. ತಳದಲ್ಲಿ ನ್ಯೂಟ್ರಿನೊ ಕಣಗಳನ್ನು ಪತ್ತೆಮಾಡುವ ಪ್ರಯೋಗಶಾಲೆ ಇಟ್ಟರು. ಆದರೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರದ ಗಣಿಯೂ ಒಂದು. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಂದಿಗೆ ಆ ಕೆಲಸ ಮಾಡಿದರು. ಪಂಪು ನಿಂತ ಮೇಲೆ ನಮ್ಮ ಗಣಿಯೊಳಗೆ ನೀರು ತುಂಬಿಕೊಂಡಿತು. ಅಲ್ಲಿಗೆ ಪ್ರವಾಸಿಗರನ್ನು ಇಳಿಸುವ ಮಾತು ಇವತ್ತಿಗೆ ದೂರ. ನೆಲದ ಮೇಲಿನ ದಾರಿಯನ್ನಾದರೂ ಮಾಡಬಹುದಲ್ಲ?

ಒಂದು ಕಾಲಕ್ಕೆ 30,000ಕ್ಕೂ ಹೆಚ್ಚು ಜನಕ್ಕೆ ಕೆಲಸ ಕೊಟ್ಟ ಗಣಿಯ ಜಾಗವನ್ನು ಚಾರಣಿಗರು ತುಂಬಲಾರರು. ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಹೋಗುವುದು ನಿಲ್ಲುವುದಿಲ್ಲ. ಆದರೆ ವಾರದ ಕೊನೆಗೆ ಅದೇ ಹಳಿಯ ಮೇಲೆ ಬೆಂಗಳೂರಿನವರು ಈ ಕಡೆ ಬರಬಹುದು. 1894ರಲ್ಲೇ ಬಂದ ರೈಲು ಇದೆ. ದಾರಿ ಗೊತ್ತಿರುವ ನೀರಗಂಟಿಗಳು, ತೆಪ್ಪದವರು, ಗಣಿಯ ಕಥೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬೇಕಾಗಿರುವುದು ಕೆರೆ ಸರಣಿಯ ಒಂದು ನಕ್ಷೆ, ಕೋಡಿಗೊಂದು ಫಲಕ, ಕಸ ತರಬೇಡಿ ಎಂಬ ಕಟ್ಟುನಿಟ್ಟು, ಜೊತೆಗೆ ಬರುವ ಊರಿನವರಿಗೆ ಸಲ್ಲಬೇಕಾದ ಕೂಲಿ. ಈಲಿಯ ಅಂಗಡಿಗಳು ಬದುಕಿರುವುದು ಕಾಡಿನ ಚೆಲುವಿನಿಂದ ಮಾತ್ರವಲ್ಲ, ಇಂಥ ಸಣ್ಣ ಏರ್ಪಾಡುಗಳನ್ನು ವರ್ಷಗಟ್ಟಲೆ ಬಿಡದೆ ನಡೆಸಿಕೊಂಡು ಬಂದದ್ದರಿಂದ. ಬೇತಮಂಗಲದಿಂದ ರಾಮಸಾಗರದವರೆಗಿನ ದಾರಿಯಲ್ಲೇ ಅದನ್ನು ಮೊದಲು ಮಾಡಿ ನೋಡಬಹುದು.