ಕ್ಲಚ್ಚಿನ ಗಡಗಡ ಸದ್ದು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಅದನ್ನು ಅಕ್ಕರೆಯಿಂದ ಉಳಿಸಿಕೊಂಡ ಮನೆಗಳುಂಟು. ಅಂಥ ಮುದಿ ಕಾರು ನಿಂತಲ್ಲೇ ಗಡಗಡಿಸತೊಡಗಿದರೆ ಗಾಬರಿಯಾಗಬೇಡಿರಿ. ಬಿಚ್ಚಿಸುವ ಮೊದಲು ಕಿವಿಗೊಟ್ಟು ಕೇಳಿರಿ.

ಕಾರನ್ನು ಬಯಲಿನಲ್ಲಿ ನಿಲ್ಲಿಸಿರಿ. ಮುಚ್ಚಿದ ಷೆಡ್ಡಿನಲ್ಲಿ ಅದರ ಹೊಗೆ ಪ್ರಾಣಕ್ಕೇ ಅಪಾಯ. ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನನ್ನು ನಿಧಾನವಾಗಿ ಓಡಲು ಬಿಡಿರಿ. ಈಗ ಕ್ಲಚ್ ಪೆಡಲನ್ನು ಮೆಲ್ಲಗೆ ಒತ್ತಿರಿ.

ಒತ್ತಿದಾಗ ಕರಕರ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗು ಸವೆದಿರಬಹುದು. ಇದ್ದ ಸದ್ದು ಕಾಲು ಸೋಕಿದೊಡನೆ ಅಡಗಿದರೆ ಆ ಬೇರಿಂಗೋ ಅದನ್ನು ಹಿಡಿದ ಫೋರ್ಕೋ ಸಡಿಲವಾಗಿರಬಹುದು. ಪೂರ್ತಿ ಒತ್ತಿದ ಮೇಲಷ್ಟೇ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗನ್ನೋ ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳನ್ನೋ ಶಂಕಿಸಬೇಕು. ಆಗ ಗೇರ್‌ಬಾಕ್ಸಿಗೆ ಹೋಗುವ ಷಾಫ್ಟು ತಿರುಗುವುದಿಲ್ಲವಷ್ಟೆ. ಪೆಡಲಿಗೂ ಸದ್ದಿಗೂ ಸಂಬಂಧವೇ ಕಾಣದಿದ್ದರೆ ಸೈಲೆನ್ಸರ್ ಕೊಳವೆಯ ಪಟ್ಟಿಯಂಥ ಬೇರೆ ಕಡೆ ನೋಡಿಸಿರಿ.

ಕ್ಲಚ್ಚನ್ನು ತಲುಪಲು ಎಂಜಿನನ್ನೂ ಗೇರ್‌ಬಾಕ್ಸನ್ನೂ ಬೇರ್ಪಡಿಸಬೇಕು. ಆ ಕೂಲಿಯೇ ಭಾರ. ಆದಕಾರಣ ಒಮ್ಮೆ ಬಿಚ್ಚಿದಾಗ ಪ್ಲೇಟು, ಬೇರಿಂಗು ಎಲ್ಲವನ್ನೂ ಪರೀಕ್ಷಿಸಿಬಿಡಿರಿ. ಸದ್ದು ಯಾವಾಗ ಹುಟ್ಟಿತು, ಯಾವಾಗ ಅಡಗಿತು ಎಂಬುದನ್ನು ಮೆಕ್ಯಾನಿಕ್ಕಿಗೆ ಸರಿಯಾಗಿ ತಿಳಿಸಿದರೆ ಅರ್ಧ ರಿಪೇರಿ ಮುಗಿದಂತೆಯೇ.